ಫಿಟ್‌ನೆಸ್ ನನ್ನದು, ಫೋಟೊ ಕೆಮಿಸ್ಟ್ರಿ ಮಾಸ್ಟ್ರದ್ದು

ದೇರೆಬೈಲ್‌ನ ಶಾಲೆಯೊಂದರಲ್ಲಿ ನಾನು ಪಿಟಿ ಮಾಸ್ಟ್ರು. ದಿಲ್ಲಿಯ ಕ್ರೀಡಾ ಸಚಿವಾಲಯ ದೇಶದ ಆರೋಗ್ಯಕ್ಕೆಂದು ಏನಾದರೊಂದು ಸುತ್ತೋಲೆ ಕಳಿಸುತ್ತಲೇ ಇರುತ್ತದೆ, ಪ್ರತಿ ಸಲ ನನ್ನ ಹೊಟ್ಟೆ ಉರಿಯುತ್ತಲೇ ಇರುತ್ತದೆ. ಕಾರಣ ನಮ್ಮ ಕೆಮಿಸ್ಟ್ರಿ ಮಾಸ್ಟ್ರು. ಬೆವರು ನನ್ನದು, ಹೆಸರು ಅವರದು.

ಪ್ರತಿಜ್ಞೆ

ಎಲ್ಲರೂ ಫಿಟ್‌ನೆಸ್ ಪ್ರತಿಜ್ಞೆ ಮಾಡಬೇಕೆಂದು ಸುತ್ತೋಲೆ ಬಂತು. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದವನು ನಾನು. ಮೈಕನ್ನು ಮಾತ್ರ ಹೆಡ್ ಮಿಸ್ಸು ಕೆಮಿಸ್ಟ್ರಿ ಮಾಸ್ಟ್ರ ಕೈಗೆ ಕೊಟ್ಟರು. "ನಿಮ್ಮದು ಬೊಬ್ಬೆ ಆಗ್ತದೆ, ಅವರದ್ದು ಒಳ್ಳೆ ಸ್ವರ ಉಂಟು" ಎಂದರು.

"ದಿನವೂ ವ್ಯಾಯಾಮ ಮಾಡುತ್ತೇನೆ" ಎಂದು ಪ್ರತಿಜ್ಞೆ ಮುಗಿಸಿದವರೇ ನನ್ನ ಕಡೆ ತಿರುಗಿದರು. "ಒಂದು ಕುರ್ಚಿ ತನ್ನಿ ಮಾರಾಯ್ರೆ, ನಿಂತು ನಿಂತು ಸಾಕಾಯ್ತು." ತಂದುಕೊಟ್ಟೆ. ಆ ದಿನ ಇಡೀ ಶಾಲೆಯಲ್ಲಿ ವ್ಯಾಯಾಮ ಆದದ್ದು ನನಗೊಬ್ಬನಿಗೇ.

ಭಾನುವಾರದ ಸೈಕಲ್

ಮುಂದೆ ಸೈಕಲ್ ಅಭಿಯಾನ. ಕೆಮಿಸ್ಟ್ರಿ ಮಾಸ್ಟ್ರು ಬಂದದ್ದು ದುಬೈಯಲ್ಲಿರುವ ಭಾವ ಕೊಡಿಸಿದ ಗೇರ್ ಸೈಕಲಿನಲ್ಲಿ. ನನ್ನದು ಕ್ಯಾರಿಯರ್ ಇರುವ ಹಳೆಯದು. ಕುದ್ರೋಳಿಯಿಂದ ಹೊರಟೆವು. ಏರು ಸಿಕ್ಕಿದ ಕೂಡಲೇ ಅವರು ಇಳಿದರು. ನಾನು ನಿಲ್ಲದೆ ದಾಟಿ ಹೋದೆ. ಸುಳ್ಳು ಯಾಕೆ, ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಶಾಲೆಯ ಗೇಟು ಮುಟ್ಟಿದರೆ ಅವರಾಗಲೇ ಗೋಳಿಬಜೆ ತಿನ್ನುತ್ತಿದ್ದಾರೆ! ಸೈಕಲನ್ನು ಗೂಡ್ಸ್ ಟೆಂಪೋಕ್ಕೆ ಹಾಕಿಸಿ ಬಂದಿದ್ದರು.

"ಎಂತ ಮಾಸ್ಟ್ರೇ ಇದು?"

"ಈ ವಯಸ್ಸಿನಲ್ಲಿ ನೀವು ಹಾಗೆ ತುಳಿದದ್ದು ನೋಡಿ ಹೆದರಿಕೆ ಆಯ್ತು. ಆಸ್ಪತ್ರೆಗೆ ಬೇಕಾದೀತು ಅಂತ ಟೆಂಪೋ ಹಿಡಿದದ್ದು."

ಮರುದಿನ ಅಸೆಂಬ್ಲಿಯಲ್ಲಿ ಅವರ ಒಳ್ಳೆತನಕ್ಕೆ ಚಪ್ಪಾಳೆ. ತಟ್ಟಿಸಿದವನೂ ನಾನೇ.

ಹಗ್ಗಜಗ್ಗಾಟ

ಕ್ರೀಡಾ ದಿನಕ್ಕೆ ದಿಲ್ಲಿಯ ಅಧಿಕಾರಿಯೊಬ್ಬರು ಬರುವವರಿದ್ದರು. ಶಿಕ್ಷಕರ ಹಗ್ಗಜಗ್ಗಾಟದಲ್ಲಿ ಗೆದ್ದವರಿಗೆ ಅವರ ಕೈಯಿಂದಲೇ ಪದಕ. ಎಷ್ಟೋ ಮಕ್ಕಳ ಕೊರಳಿಗೆ ಪದಕ ಬೀಳುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ, ನನ್ನ ಕೊರಳಿಗೆ ಒಂದೂ ಬಿದ್ದಿಲ್ಲ. ಇದೊಂದು ಬೇಕೇ ಬೇಕಿತ್ತು. ಬೆಳಗಾದರೆ ಓಡಿದೆ, ಕರಿದದ್ದು ಬಿಟ್ಟೆ, ಹೊಟ್ಟೆ ಕರಗಿಸಿದೆ.

ತಂಡ ಆರಿಸುವಾಗ ಹೆಡ್ ಮಿಸ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಲ್ಲಿ ತೂಕವೇ ಇಲ್ಲ ಮಾಸ್ಟ್ರೇ. ಬದಿಯಲ್ಲಿ ನಿಂತು ಐಸಾ ಹೇಳಿ."

ನಮ್ಮ ಕಡೆ ಹಗ್ಗದ ಕೊನೆಗೆ ಭಾರದವರೇ ನಿಲ್ಲಬೇಕು. ಕೆಮಿಸ್ಟ್ರಿ ಮಾಸ್ಟ್ರು ಹಗ್ಗವನ್ನು ಹೊಟ್ಟೆಗೆ ಸುತ್ತಿ ಹಿಂದಕ್ಕೆ ಒರಗಿದರು, ಅಷ್ಟೆ. ಎದುರಿನ ತಂಡ ಪೂರ್ತಿ ಗೆರೆ ದಾಟಿ ಬಂತು.

ಪದಕ ಹಾಕಿದ ಅಧಿಕಾರಿ ಮೈಕಿನಲ್ಲೇ, ನೀವು ಯಾವ ವ್ಯಾಯಾಮ ಮಾಡುತ್ತೀರಿ ಎಂದು ಕೇಳಿದರು.

"ಎಂತದ್ದೂ ಇಲ್ಲ ಸರ್. ನನ್ನ ಪಾಲಿನದ್ದೂ ನಮ್ಮ ಪಿಟಿ ಮಾಸ್ಟ್ರೇ ಮಾಡ್ತಾರೆ."

ಜನ ಹೋ ಎಂದಿತು. ಅಧಿಕಾರಿ ನಗುತ್ತಾ ನನ್ನನ್ನು ವೇದಿಕೆಗೆ ಕರೆದರು. ಛೆ, ಕೆಮಿಸ್ಟ್ರಿ ಮಾಸ್ಟ್ರಂಥ ಮನುಷ್ಯನನ್ನು ಸುಮ್ಮನೆ ಬೈದೆನಲ್ಲ ಅನಿಸಿತು. ಓಡಿ ಹತ್ತಿದೆ, ಕಣ್ಣು ಮುಚ್ಚಿ ಕುತ್ತಿಗೆ ಬಗ್ಗಿಸಿ ನಿಂತೆ. ಭಾರವಾದದ್ದೇ ಬಿತ್ತು. ಕಣ್ಣು ಬಿಟ್ಟರೆ ಸುತ್ತಿದ ಹಗ್ಗ!

"ಬಂದದ್ದು ಒಳ್ಳೆದಾಯ್ತು ಮಾಸ್ಟ್ರೇ," ಎಂದರು ಹೆಡ್ ಮಿಸ್ಸು, "ಇದನ್ನು ಹಾಗೇ ಸ್ಟೋರ್ ರೂಮಿಗೆ ಹಾಕಿಬಿಡಿ."