ಮದಕರಿಪುರದ ನೆಲಕ್ಕೆ ಕಿವಿಗೊಟ್ಟು

ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಇದನ್ನು ನಾನು ಗುಣವೆನ್ನುತ್ತೇನೆ, ಮನೆಯಾಕೆ ಕಾಯಿಲೆಯೆನ್ನುತ್ತಾಳೆ. ಚಿತ್ರದುರ್ಗದ ಸುತ್ತ ನೆಲದಡಿ ಹೂತುಹೋದ ಜ್ವಾಲಾಮುಖಿಯ ಕಲ್ಲು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಹುಡುಕುವುದು ನನ್ನ ಉದ್ಯೋಗ. ಬೆಂಕಿ ಆರಿ ನೂರಾರು ಕೋಟಿ ವರ್ಷವಾಗಿದೆ, ಈಗೇನು ಅವಸರ ಎಂಬುದು ಅವಳ ಪ್ರಶ್ನೆ. ನನಗಂತೂ ಅವಸರವಿತ್ತು.

ಲಾವಾದ ಕಲ್ಲು ಭಾರ. ಅದು ಅಡಗಿರುವ ಕಡೆ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚು. ಮೂರು ವಾರ ಹೊಲಹೊಲ ಅಲೆದು ಆ ಸೆಳೆತ ಅಳೆದಿದ್ದೆ; ಮದಕರಿಪುರದ ಹತ್ತಿರ ಅಂಕಿ ಏರಿತ್ತು. ಆದರೆ ಭಾರ ತಿಳಿದ ಮಾತ್ರಕ್ಕೆ ಆಳ ಖಚಿತವಾಗುವುದಿಲ್ಲ. ಅದಕ್ಕೆ ಕಬ್ಬಿಣದ ಹಲಗೆಯನ್ನು ನೆಲದ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿದು, ಕೆಳಗಿನಿಂದ ಮರಳುವ ಕಂಪನವನ್ನು ಸಾಲಾಗಿ ನೆಟ್ಟ ಯಂತ್ರದ ಕಿವಿಗಳಲ್ಲಿ ಕೇಳಬೇಕು. ಒಂದು ದಿನಕ್ಕೆಂದು ಎರವಲು ತಂದ ಆ ಯಂತ್ರ ಮರುದಿನವೇ ವಾಪಸ್ಸು. ಅಂದು ಆಗದಿದ್ದರೆ ಮೂರು ವಾರದ ಬೆವರು ನೀರುಪಾಲು.

ನಾನೇ ಮುಖ್ಯಸ್ಥನಾಗಿದ್ದ ನಮ್ಮ ಪುಟ್ಟ ತಂಡ ಹೋಗಿ ನೋಡಿದರೆ, ಯಂತ್ರದ ಸಾಲು ಹಾಯಬೇಕಾದ ಹೊಲದಲ್ಲೇ ಮುನ್ನೂರು ಕುರಿ! ಗೊಬ್ಬರವಾಗಲೆಂದು ರೈತ ಮಂದೆ ನಿಲ್ಲಿಸಿಕೊಂಡಿದ್ದ. ಕುರಿ ಕಾಯುವ ಕರಿಯಜ್ಜನಿಗೆ, “ಬೇರೆ ಕಡೆ ಹೊಡ್ಕೊಂಡು ಹೋಗ್ರಿ ಅಜ್ಜ” ಎಂದೆ.

“ಮಾತು ಕೊಟ್ಟೀನಿ ಸಾರ್, ಮೂರು ದಿನ ಇಲ್ಲೇ. ಬಿಸಿಲೇರ್ಲಿ ತಡೀರಿ. ತಲೆ ತಲೆ ಕೂಡಿಸ್ಕೊಂಡು ತೆಪ್ಪಗಾಗ್ತಾವೆ. ನಾನು ಪಕ್ಕದಾಗೆ ಕುಂತಿದ್ರೆ ಸುತ್ತಿಗೆಗೂ ಬೆದರಲ್ಲ.”

ಮಧ್ಯಾಹ್ನ ಕುರಿಗಳೆಲ್ಲ ಮಲಗಿದವು. ತಂಡದ ಸಹೋದ್ಯೋಗಿಯೊಬ್ಬರು ಸುತ್ತಿಗೆ ಬೀಸಿದರು. ಯಂತ್ರದ ಪರದೆಯ ತುಂಬ ಬೇಡದ ಕಂಪನಗಳ ಗದ್ದಲ! ಇನ್ನೊಮ್ಮೆ, ಮತ್ತೊಮ್ಮೆ, ಹತ್ತನೆಯ ಸಲ, ಅದೇ ಹಾಡು. ವರದಿಯಲ್ಲಿ ‘ಗದ್ದಲಕ್ಕೆ ಕಾರಣ’ ಎಂಬಲ್ಲಿ ‘ಕುರಿ’ ಎಂದು ಗೀಚಿ, ಅಜ್ಜನ ಮೇಲೆ ಹರಿಹಾಯ್ದೆ.

ಅಜ್ಜ ಕೂತಲ್ಲಿಂದ ಕದಲಲಿಲ್ಲ. “ಒಂದಾದ್ರೂ ಎದ್ದೈತೇನು ನೋಡ್ರಿ. ಯಾರೂ ಮಿಸುಕಬ್ಯಾಡ್ರಿ, ಮಿಸುಕಬ್ಯಾಡ್ರಿ ಅಂತ ಸಾಲಿನುದ್ದಕ್ಕೂ ತಿರುಗಾಡ್ತಿರೋದು ನೀವೊಬ್ರೇ.”

ತಿರುಗಿ ನೋಡಿದೆ. ಯಂತ್ರದ ಪ್ರತಿ ಕಿವಿಯ ಪಕ್ಕದಲ್ಲೂ ನನ್ನ ಬೂಟಿನ ಗುರುತು. ಪರದೆಯಲ್ಲೂ ಗದ್ದಲ ಒಂದು ಕಿವಿಯಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿಕೊಂಡೇ ಹೋಗಿತ್ತು.

“ಕುಂತ್ಕಳ್ರಿ” ಎಂದ ಅಜ್ಜ, ಕುರಿಗೆ ಹೇಳುವ ದನಿಯಲ್ಲೇ. ಎರಡು ಕುರಿಗಳ ನಡುವೆ ಕೂತೆ. ಸುತ್ತಿಗೆ ಬಿತ್ತು. ಆಳದ ಲಾವಾದಿಂದ ಮರಳಿದ ಅಲೆ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿತು. ಸಂತೋಷ ತಡೆಯಲಾರದೆ ಏಳಹೋದೆ. ಅಜ್ಜ ಹೆಗಲು ಅದುಮಿ ಕೂರಿಸಿದ.

ಸಂಜೆ ವರದಿಯಲ್ಲಿ ‘ಕುರಿ’ ಎಂಬುದನ್ನು ಹೊಡೆದುಹಾಕಿ ‘ತಂಡದ ಮುಖ್ಯಸ್ಥರು’ ಎಂದು ತಿದ್ದಿದೆ. ಕೆಳಗೆ ‘ಪರಿಶೀಲಿಸಿ ಒಪ್ಪಿದೆ’ ಎಂಬಲ್ಲಿ ಮುಖ್ಯಸ್ಥರ ಸಹಿಯೂ ಬೇಕಿತ್ತು. ಹಾಕಿದೆ.