ನಿಜಾಮರ ಫೌಜಿನ ಸೈಡ್ ಡ್ರಮ್ಮು

ತೆಲಂಗಾಣ ಬಂದು ಹದಿನೈದು ದಿನವಾಗಿರಲಿಲ್ಲ, ನಾರಾಯಣಪೇಟೆಯ ಸೀರೆ ವ್ಯಾಪಾರಿ ಗುರುಲಿಂಗನಿಗೆ ಕುಂತಲ್ಲಿ ಕೂರಲಾಗದ ರೋಗ ಹತ್ತಿಕೊಂಡಿತು. ಹೊಸ ರಾಜ್ಯ ಬಂದ ಮೇಲೆ ಹೊಸ ಮ್ಯೂಸಿಯಂ ಬಂದೇ ಬರುತ್ತದೆ, ಮ್ಯೂಸಿಯಂ ಬಂದ ಮೇಲೆ ಹಳೇ ಸಾಮಾನು ಬೇಕೇ ಬೇಕು, ಹಳೇ ಸಾಮಾನು ತನ್ನ ಅಟ್ಟದ ಮೇಲಿದೆ! (ಈ ಮ್ಯೂಸಿಯಂ ಸುದ್ದಿ ಸರ್ಕಾರಕ್ಕೆ ಮಾತ್ರ ಇನ್ನೂ ಮುಟ್ಟಿರಲಿಲ್ಲ.)

ಆ ಸಾಮಾನು ಒಂದು ಸೈಡ್ ಡ್ರಮ್ಮು. ಕೊರಳಿಗೆ ಹಾಕಿಕೊಂಡು ಎರಡು ಕಡ್ಡಿಯಿಂದ ಬಾರಿಸುವ, ಕೆಳಗಿನ ತಂತಿಗಳು ಝರ್ರೆನ್ನುವ ಹಿತ್ತಾಳೆ ಡ್ರಮ್ಮು. ಅವನ ಅಪ್ಪ ಮಲ್ಲಣ್ಣ ವ್ಯಾಪಾರ ಮುಗಿಸಿ ಹವ್ಯಾಸಕ್ಕೆಂದು ಮದುವೆ ಬ್ಯಾಂಡಿನಲ್ಲಿ ಅದನ್ನು ಬಾರಿಸುತ್ತಿದ್ದ. "ಇದು ನಿಜಾಮರ ಫೌಜಿನದು" ಎಂದು ಸಾಯೋತನಕ ಹೇಳಿಕೊಂಡಿದ್ದ.

ಮಗಳು ಐಶ್ವರ್ಯ ಫೋನಿನಲ್ಲಿ ಹುಡುಕಿ, ಇಂಥದ್ದೇ ಒಂದು ಇಂಗ್ಲಿಷ್ ಡ್ರಮ್ಮು ಒಂದೂವರೆ ಲಕ್ಷಕ್ಕೆ ಹೋಗಿದೆ ಎಂದು ತೋರಿಸಿದ್ದೇ ತಡ, ಗುರುಲಿಂಗ ಊಟ ಬಿಟ್ಟ. ಸೀರೆ ಅಳೆಯುವ ಟೇಪಿನಿಂದ ಡ್ರಮ್ಮಿನ ಸುತ್ತಳತೆ ತೆಗೆದ. ಚರ್ಮ ಬಿಗಿಯುವ ತಿರುಪು ಸರಳುಗಳನ್ನು ಏಳು ಸಲ ಎಣಿಸಿದ. ಗಿರಾಕಿ ನೀಲಿ ಸೀರೆ ಕೇಳಿದರೆ ಕೆಂಪು ಬಿಚ್ಚಿಟ್ಟ.

"ಹಿಂಗ ಸುತ್ತ ತಿರುಗಿದ್ರ ಅದು ಬಾಯಿ ಬಿಟ್ಟು ತನ್ನ ಹೆಸರು ಹೇಳತೈತೇನ್ರಿ?" ಅಂದಳು ಹೆಂಡತಿ ಗಂಗಾಂಬಿಕಾ. "ಗದ್ವಾಲದಾಗ ನರಸಿಂಹುಲು ಅಂತ ಅದಾನ, ಬ್ಯಾಂಡಿನ ಸಾಮಾನು ರಿಪೇರಿ ಮಾಡ್ತಾನ. ನೋಡಿದ ಕೂಡ್ಲೆ ಅದರ ಜಾತಕ ಹೇಳ್ತಾನ. ನಡೀರಿ, ನಾನೂ ಬರ್ತೀನಿ."

ಗದ್ವಾಲ ಎಂದೊಡನೆ ಗುರುಲಿಂಗನ ಮುಖ ಗಂಟಾಯಿತು. ಅದು ಗಂಗಾಂಬಿಕಾಳ ತವರು. ಅವಳ ತಮ್ಮ ಭೀಮಯ್ಯನ ಜೊತೆ ಜಗಳವಾಡಿ ಬಂದವನು ಇಪ್ಪತ್ತಾರು ವರ್ಷದಿಂದ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಾಳೆ ಭೀಮಯ್ಯನ ಮಗಳು ಸರಿತಾಳ ನಿಶ್ಚಯ. ಗಂಗಾಂಬಿಕಾ ತಿಂಗಳಿಂದ ಕರೆದೂ ಕರೆದೂ ಸೋತಿದ್ದಳು.

"ರಿಪೇರಿ ಅಂಗಡಿತನಕ ಅಷ್ಟ! ನಿನ್ನ ತಮ್ಮನ ಮನಿ ಕಡೆ ಮುಖ ಸೈತ ಮಾಡಂಗಿಲ್ಲ."

"ಆಗ್ಲಿ ಬಿಡ್ರಿ."

ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದರೆ ಅನುಭವಸ್ಥ ಗಂಡಸರು ಜಾಗ್ರತರಾಗುತ್ತಾರೆ. ಗುರುಲಿಂಗ ಒಂದೂವರೆ ಲಕ್ಷದ ಗುಂಗಿನಲ್ಲಿದ್ದ.

ಮರುದಿನ ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗ ಡ್ರಮ್ಮನ್ನು ಮಗುವಿನಂತೆ ಎದೆಗವಚಿಕೊಂಡು ಹತ್ತಿದ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದ. ಜೂರಾಲ ಅಣೆಕಟ್ಟಿನ ನೀರು ಕಂಡಿತೋ ಇಲ್ಲವೋ, ಎದುರು ಸೀಟಿನವರೆಲ್ಲ ಕಿಟಕಿಗೆ ಮುಖ ಇಟ್ಟರು. ಇವನು ಮಾತ್ರ ರಸ್ತೆಯ ಗುಂಡಿ ಎಣಿಸುತ್ತ, ಪ್ರತಿ ಗುಂಡಿಗೂ ಡ್ರಮ್ಮನ್ನು ಎತ್ತಿ ಹಿಡಿಯುತ್ತ ಬಂದ.

ನರಸಿಂಹುಲು ಮಾತು ಕಡಿಮೆಯ ಮನುಷ್ಯ. ಡ್ರಮ್ಮನ್ನು ತಿರುಗಿಸಿದ, ಉಗುರಿನಿಂದ ತಟ್ಟಿದ, ಮೂಸಿಯೂ ನೋಡಿದ. ಗುರುಲಿಂಗ ನಿಂತ, ಕುಂತ, ಮತ್ತೆ ನಿಂತ.

"ಸರಳು, ಅಂಚಿನ ಪಟ್ಟಿ ಹಳೇವ್ರಿ. ಇಂಗ್ಲಿಷ್ ಮಾಲು. ಯಾರಾರ ಎರಡು ಸಾವಿರ ಕೊಟ್ಟಾರು."

"ಮತ್ತ ಈ ಹಿತ್ತಾಳಿ ಮೈ?"

"ಇದಿ ಕಂಪೆನೀದಿ ಕಾದು ಸಾರ್. ಕಂಪನಿದಲ್ಲ. ತೂತು ಅಳತಿಗೆ ಇಲ್ಲ, ಕೈಯಿಂದ ಕೊರದಾರ. ಈ ಬೆಸಿಗಿ ನಮ್ಮ ನಾಯನಂದು! ನಮ್ಮ ಅಪ್ಪನ ಕೈಕೆಲಸ ನನಗ ಗುರ್ತು ಸಿಗಂಗಿಲ್ಲೇನ್ರಿ?"

ತಿರುಪು ಬಿಚ್ಚಿ ಚರ್ಮ ಎತ್ತಿದ. ಒಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ ಕಂಡವು. "ನಿಜಾಮರ ಮೊಹರು!" ಎಂದು ಗುರುಲಿಂಗ ಕೂಗಿದ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ. ಗಂಗಾಂಬಿಕಾ ಬಗ್ಗಿ, ಸೆರಗಿನಿಂದ ಧೂಳು ಒರೆಸಿ, ನಿಧಾನಕ್ಕೆ ಓದಿದಳು:

"ಚಿ. ಸೌ. ಗಂಗಾಂಬಿಕಾಗೆ ಗದ್ವಾಲದ ತವರಿನವರ ಉಡುಗೊರೆ."

ಗುರುಲಿಂಗ ಡ್ರಮ್ಮನ್ನು ಕಣ್ಣಿಗೆ ಹತ್ತಿರ ಹಿಡಿದು, ಅಕ್ಷರಗಳ ಮೇಲೆ ಬೆರಳಾಡಿಸಿದ.

ಇಪ್ಪತ್ತಾರು ವರ್ಷದ ಹಿಂದೆ ಇವರ ಮದುವೆಯ ಉಡುಗೊರೆ ಪಟ್ಟಿಯಲ್ಲಿ ನೀರು ತುಂಬುವ ಒಂದು ದೊಡ್ಡ ಹಿತ್ತಾಳೆ ಕೊಳಗವಿತ್ತು. ಎಂಟನೇ ದಿನಕ್ಕೆ ಅದು ಕಾಣೆ. ಮಲ್ಲಣ್ಣ "ಅದು ನಮ್ಮ ಮನಿಗೆ ಬಂದಽ ಇಲ್ಲ" ಎಂದು ಆಣೆ ಮಾಡಿದ್ದ. ಗುರುಲಿಂಗ ಗದ್ವಾಲಕ್ಕೇ ಬಂದು, ಹಿರಿಯರೆದುರು ಭೀಮಯ್ಯನ ಮುಖಕ್ಕೆ ಬೆರಳು ತೋರಿಸಿ, "ಪಟ್ಟ್ಯಾಗ ಬರದ್ರಿ, ಪೆಟ್ಟಿಗ್ಯಾಗ ಇಟ್ಕೊಂಡ್ರಿ!" ಎಂದು ಕೂಗಾಡಿದ್ದ. ಅಸಲಿಗೆ, ಮದುವೆ ಸೀಜನ್ನಿನಲ್ಲಿ ತನ್ನ ಡ್ರಮ್ಮಿನ ಮೈ ಸೀಳಿತೆಂದು ಮಲ್ಲಣ್ಣ ಸೊಸೆಯ ಕೊಳಗ ಕತ್ತರಿಸಿ, ಒಳಮಗ್ಗಲು ಹೊರಗೆ ಮಾಡಿ ಬೆಸಿಗೆ ಹಾಕಿಸಿದ್ದ. (ಅದೂ ಬೀಗರ ಊರಿಗೇ ತಂದು!)

"ಈಗ?" ಎಂದ ಗುರುಲಿಂಗ, ಸಣ್ಣ ದನಿಯಲ್ಲಿ.

"ಈಗೇನು, ಮನಿ ಎರಡು ಓಣಿ ಆಚಿಗೈತಿ. ತಪ್ಪಾತು ಅಂತ ಒಂದು ಮಾತು ಅನ್ರಿ."

ದಾರಿಯುದ್ದಕ್ಕೂ ಅವನು ಆ ಒಂದು ಮಾತನ್ನು ಹನ್ನೆರಡು ರೀತಿಯಲ್ಲಿ ಜೋಡಿಸಿದ. ಕೊಳೆಯಾದ ಧೋತರವನ್ನು ಕೊಡವಿದ. ನರಸಿಂಹುಲು ಡ್ರಮ್ಮು ಹೊತ್ತು ಹಿಂದೆ ಬಂದ. ಭೀಮಯ್ಯ ಬಾಗಿಲಲ್ಲೇ ನಿಂತಿದ್ದ. "ಬರ್ರಿ ಮಾಮಾರ, ಕೈಕಾಲು ತೊಳಕೋರಿ, ಎಲಿ ಹಾಕ್ಯಾರ." ಅಷ್ಟೇ. ಬೈಗುಳವಿಲ್ಲ, ಚುಚ್ಚುಮಾತಿಲ್ಲ. ಪಂಕ್ತಿಯಲ್ಲಿ ಗುರುಲಿಂಗನನ್ನು ನರಸಿಂಹುಲುವಿನ ಪಕ್ಕ ಕೂರಿಸಿದರು. ಹೋಳಿಗೆ ಬಂತು, ತುಪ್ಪ ಬಂತು, ಬರಬೇಕಾದ ಬೈಗುಳ ಮಾತ್ರ ಬರಲಿಲ್ಲ. ಕಾದು ಕಾದು ಗುರುಲಿಂಗ ಎರಡು ಹೋಳಿಗೆ ಮುಗಿಸಿದ. ಮೂರನೇ ಹೋಳಿಗೆಗೆ ತಡೆಯಲಾಗಲಿಲ್ಲ.

"ಭೀಮಯ್ಯ, ತಪ್ಪು ನಂದು! ಕೊಳಗ ನಮ್ಮ ಅಪ್ಪನಽ ಕತ್ತರಿಸಿದ್ದ!"

"ಗೊತ್ತೈತ್ರಿ ಮಾಮಾರ," ಎಂದ ಭೀಮಯ್ಯ, ಇನ್ನೊಂದು ಹೋಳಿಗೆ ಹಾಕುತ್ತ. "ನರಸಿಂಹುಲುನ ಅಪ್ಪ ಕೊಳಗದ ಮ್ಯಾಲಿನ ಅಕ್ಷರ ಓದಿ ಆ ವಾರನಽ ನನಗ ಹೇಳಿದ್ದ. ಹಿರಿ ಮನುಷ್ಯಾರ ಮರ್ಯಾದಿ ಹೋಗತೈತಿ, ಬಾಯಿ ಬಿಡಬ್ಯಾಡ ಅಂತ ಅಕ್ಕ ನನ್ನ ಕೈಲೆ ಆಣಿ ಮಾಡಿಸಿಕೊಂಡ್ಳು."

ಗುರುಲಿಂಗ ಹೆಂಡತಿಯ ಕಡೆ ತಿರುಗಿದ. "ನಿನಗ ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು?"

"ಹೂಂ."

"ಮತ್ತ ಫೌಜು, ಮ್ಯೂಸಿಯಂ ಅಂತ ನಾನು ಕುಣಿಯೋವಾಗ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿಸಿದಿ?"

"ಇಲ್ಲಂದ್ರ ಸರಿತಾನ ನಿಶ್ಚಯಕ್ಕ ನೀವು ಬರ್ತಿದ್ರೇನ್ರಿ?"

ಸಿಟ್ಟು ಮಾಡಬೇಕೋ ಹೋಳಿಗೆ ನುಂಗಬೇಕೋ ತಿಳಿಯದೆ ಗುರುಲಿಂಗ ಎರಡನ್ನೂ ಒಮ್ಮೆಲೇ ಮಾಡಲು ಹೋದ. ಹೂರಣ ಗಂಟಲಲ್ಲಿ ಸಿಕ್ಕಿತು, ಕಣ್ಣು ಮೇಲಾದವು. ಗಂಗಾಂಬಿಕಾ ಧಾವಿಸಿ ಬಂದು ಅವನ ಬೆನ್ನಿಗೆ ಧಬಧಬನೆ ಗುದ್ದಿದಳು. ಇಪ್ಪತ್ತಾರು ವರ್ಷ ಕೂಡಿಟ್ಟ ಗುದ್ದುಗಳು, ಲೆಕ್ಕಕ್ಕಿಂತ ನಾಲ್ಕು ಹೆಚ್ಚೇ ಬಿದ್ದವು.

ಪಕ್ಕದ ಎಲೆಯಿಂದ ನರಸಿಂಹುಲು ತಲೆಯೆತ್ತಿ, ಆ ಧಬಧಬ ಸದ್ದನ್ನು ಕಿವಿಗೊಟ್ಟು ಕೇಳಿ, ತೂಗಿ ನೋಡಿ ಅಂದ:

"ಹಾಂ! ಇದು ಅಸಲಿ ಮಾಲು ನೋಡ್ರಿ."