ಮಾಮಾ ಅಂಗಡಿಯನ್ನು ಮೋಡಕ್ಕೇರಿಸಿದ್ದು

ಕಂಪ್ಯೂಟರಿಗೆ ಪೂಜೆ ಮಾಡುವವರನ್ನು ನೀವು ನೋಡಿರುತ್ತೀರಿ. ಅದನ್ನು ಬೈಯುವವರನ್ನಂತೂ ದಿನಾ ನೋಡುತ್ತೀರಿ. ಆದರೆ ಮಧ್ಯಾಹ್ನದ ಊಟವಾದ ಮೇಲೆ ಕಂಪ್ಯೂಟರನ್ನು ನಿದ್ದೆಗೆ ಹಾಕುವ ಮನುಷ್ಯನನ್ನು ನೋಡಿದ್ದೀರಾ? ನೋಡಬೇಕೆಂದರೆ ವಿಜಯಪುರಕ್ಕೆ ಬನ್ನಿ. ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಸಂದಿಯಲ್ಲಿ, ಹೂವು ಮಾರುವವಳ ಬುಟ್ಟಿಗೆ ಎದುರಾಗಿ, ಹನಿ ನೀರಾವರಿಯ ಪೈಪು, ಪಂಪು, ವಾಲ್ವು ಮಾರುವ ಅಂಗಡಿಯಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೇ ನನ್ನ ಸೋದರಮಾವ. ಮಧ್ಯಾಹ್ನ ಮಾತ್ರ ಬರಬೇಡಿ. ಆಗ ಅವರೂ ಮಲಗಿರುತ್ತಾರೆ, ಕಂಪ್ಯೂಟರೂ ಮಲಗಿರುತ್ತದೆ!

ನಾನು ಆ ಅಂಗಡಿಯ ಲೆಕ್ಕ ನೋಡಿಕೊಳ್ಳುವವಳು. ಅವರ ಅಕ್ಕನ ಮಗಳು ಬೇರೆ. ಆದ್ದರಿಂದ ಅವರ ವಿಷಯದಲ್ಲಿ ನಾನು ಹೇಳುವುದೆಲ್ಲ ಸತ್ಯ. ಸ್ವಲ್ಪ ಉಪ್ಪು ಖಾರ ಹಾಕಿದ್ದರೆ ಅದು ರಕ್ತಸಂಬಂಧದ ಹಕ್ಕು.

ನಮ್ಮೂರಿನ ಬೇಸಿಗೆ ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಕೊಳ್ಳುವ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಅಂಥದೊಂದು ಬೇಸಿಗೆಯ ಮಧ್ಯಾಹ್ನ ಮಾಮಾ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟು ನೋಡಿದರು. ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಅವರಿಗೆ ಪಾಪ ಅನ್ನಿಸಿತು. ಮಣ್ಣಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿದರೆ ನೀರು ತಂಪಾಗುವುದಿಲ್ಲವೇ? ಹಾಗೆಯೇ ಒಂದು ಟವೆಲ್ಲನ್ನು ನೀರಲ್ಲಿ ಅದ್ದಿ, ಹಿಂಡಿ, ಡಬ್ಬಿಗೆ ಅಚ್ಚುಕಟ್ಟಾಗಿ ಸುತ್ತಿ, ತಾವೂ ಮಲಗಿದರು. ಎದ್ದಾಗ ಡಬ್ಬಿ ನಿಜಕ್ಕೂ ತಂಪಾಗಿತ್ತು. ಶಾಶ್ವತವಾಗಿ ತಂಪಾಗಿತ್ತು!

ಇಬ್ರಾಹಿಂಪುರದ ಕಡೆಯಿಂದ ರಿಪೇರಿಯವರು ಬಂದರು. ಡಬ್ಬಿ ಬಿಚ್ಚಿದರು, ಒಳಗಿನ ತೇವ ನೋಡಿದರು, ಮಾಮಾನ ಮುಖ ನೋಡಿದರು. ಇದ್ದಬದ್ದ ಬಿಲ್ಲು, ಸ್ಟಾಕು, ಇ-ಮೇಲುಗಳನ್ನು ಹೇಗೋ ಹೊರಗೆಳೆದ ಮೇಲೆ ಕೈಮುಗಿದು ಹೇಳಿದರು:

"ಸಾವಕಾರ್ರ, ಇನ್ನ ಮ್ಯಾಲ ಎಲ್ಲಾ ಕ್ಲೌಡಿಗೆ ಹಾಕಿಬಿಡೂಣ್ರಿ. ಇಲ್ಲಿ, ತಿಕೋಟಾದಾಗ, ಬಬಲೇಶ್ವರದಾಗ, ನಿಮ್ಮ ಮೂರೂ ಅಂಗಡ್ಯಾಗ ಕುಂತು ಒಂದ ಲೆಕ್ಕ ನೋಡಬಹುದು. ಕಂಪ್ಯೂಟರ್ ಕೆಟ್ರೂ ಏನೂ ಹೋಗೂದಿಲ್ಲ."

"ಕ್ಲೌಡ್ ಅಂದ್ರ?"

"ಮೋಡ ಅಂದಂಗ್ರಿ."

ಮಾಮಾ ಎದ್ದು ಹೊರಗೆ ಹೋಗಿ ಆಕಾಶ ನೋಡಿ ಬಂದರು. "ಮಳಿ ತರೋ ಮೋಡಾನ ನಮ್ಮೂರ ಮ್ಯಾಲ ನಿಂದರೂದಿಲ್ಲ. ನಿನ್ನ ಮೋಡ ನಿಂದರತೈತೇನಪಾ?"

ವಿಜಯಪುರದ ಯಾವ ಮನುಷ್ಯನೂ ಈ ಮಾತು ಹೇಳದೆ ಬಿಡುವುದಿಲ್ಲವಾದ್ದರಿಂದ ರಿಪೇರಿಯವರು ನಗಲಿಲ್ಲ. ಆದರೆ ಮಾಮಾನ ಮುಂದಿನ ಪ್ರಶ್ನೆಗೆ ಅವರು ಸಿದ್ಧರಿರಲಿಲ್ಲ.

"ಅದು ಯಾವ ಊರಾಗ ಐತಿ? ನಾಳೆ ಹೋಗಿ ನೋಡ್ಕೊಂಡು ಬರೂಣು."

ಮಾಮಾ ಗೋದಾಮು ಬಾಡಿಗೆಗೆ ಹಿಡಿಯುವ ಮುಂಚೆ ಹೋಗಿ ತಗಡು ಬಡಿದು ನೋಡುವವರು, ಬೀಗ ಜಗ್ಗಿ ನೋಡುವವರು, ಇಲಿ ಇವೆಯೋ ಎಂದು ಮೂಲೆಯಲ್ಲಿ ಕೂತು ಮೂಸಿ ನೋಡುವವರು. ಮೋಡಕ್ಕೊಂದು ಬೇರೆ ನ್ಯಾಯವೇ?

"ಹಂಗ ಊರು ಹೇಳಾಕ ಬರೂದಿಲ್ರಿ," ಎಂದರು ರಿಪೇರಿಯವರು. "ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಇರತೈತಿ."

"ಅಂದ್ರ ನನ್ನ ಸಾಮಾನು ಎಲ್ಲಿ ಇಡ್ತೀ ಅನ್ನೂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೀಲಿ ಮಾತ್ರ ನನ್ನ ಕೈಯಾಗ ಕೊಡ್ತಿ!"

ಕ್ಲೌಡ್ ಎಂದರೇನೆಂದು ಇಷ್ಟು ಸ್ಪಷ್ಟವಾಗಿ ವಿವರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅಂತೂ ನನ್ನ ಜಗಳ, ರಿಪೇರಿಯವರ ತಾಳ್ಮೆ ಎರಡೂ ಸೇರಿ ಅಂಗಡಿ ಮೋಡಕ್ಕೇರಿತು. ಮೂರು ಅಂಗಡಿಗೂ ಹೊಸ ಮೇಲ್ ವಿಳಾಸಗಳು ಬಂದವು. ಮಾಮಾನ ಸಂಭ್ರಮ ಹೇಳತೀರದು. ಪೈಪಿನ ಕಂಪನಿಗೆ ಅವರು ಹೇಳಿ ಬರೆಸಿದ ಮೊದಲ ಮೇಲ್ ಹೀಗೆ ಶುರುವಾಯಿತು: "ನಾವೆಲ್ಲರೂ ಕ್ಷೇಮ. ತಮ್ಮ ಕಡೆ ಎಲ್ಲರೂ ಕ್ಷೇಮವೆಂದು ತಿಳಿಯುತ್ತೇವೆ. ಇಲ್ಲಿ ಬಿಸಿಲು ಬಹಳ." ಪೈಪಿನ ಮಾತು ಬರುವಷ್ಟರಲ್ಲಿ ಪರದೆಯೇ ತುಂಬಿಹೋಗಿತ್ತು. ಕಳಿಸಿದ ಮರುಕ್ಷಣವೇ ಅತ್ತ ಕಡೆಯಿಂದ ಉತ್ತರ: ನಿಮ್ಮ ಮೇಲ್ ತಲುಪಿದೆ, ಧನ್ಯವಾದಗಳು.

"ನೋಡು! ಎಷ್ಟ್ ಚಂದ ಮಂದಿ! ನಮ್ಮ ಕಡಿಂದೂ ಧನ್ಯವಾದ ಅಂತ ಬರಿ."

ಬರೆದೆ. ಮತ್ತೆ ಉತ್ತರ: ನಿಮ್ಮ ಮೇಲ್ ತಲುಪಿದೆ, ಧನ್ಯವಾದಗಳು.

"ಮಾಮಾ, ಅದು ಮನಷ್ಯಾರು ಬರದದ್ದಲ್ರಿ. ಮಷೀನ್ ತಾನ ಕಳಸತೈತಿ."

"ಇರ್ಲಿ. ಮಷೀನಿಗೆ ಇರೋ ರೀತಿ ರಿವಾಜು ನಮಗ ಬ್ಯಾಡೇನು? ಬರಿ!"

ಮಷೀನೂ ನನ್ನ ಸೋದರಮಾವನೂ ಪರಸ್ಪರ ಧನ್ಯವಾದ ಹೇಳಿಕೊಳ್ಳುತ್ತಾ ಸಂಜೆಯಾಯಿತು. ಕೊನೆಗೆ ಕರೆಂಟು ಹೋಗಿ ನಾನು ಬದುಕಿದೆ. ಮಾಮಾಗೆ ಮಾತ್ರ ಬೇಸರ: "ಕಡೀ ಮಾತು ಅವರದ ಆತು ನೋಡು."

ಪಾಸ್‌ವರ್ಡಿನ ಕಥೆ ಇದಕ್ಕಿಂತ ದೊಡ್ಡದು. ದೊಡ್ಡಕ್ಷರ ಬೇಕು, ಅಂಕಿ ಬೇಕು, ಕೊನೆಗೊಂದು ಚುಕ್ಕಿ ಬೇಕು ಎಂದು ರಿಪೇರಿಯವರು ಗಟ್ಟಿಮುಟ್ಟಾದ ಪಾಸ್‌ವರ್ಡ್ ಮಾಡಿಕೊಟ್ಟರು. ಯಾರಿಗೂ ಹೇಳಬಾರದು ಎಂದರು. ಮಾಮಾ ಯಾರಿಗೂ ಹೇಳಲಿಲ್ಲ. ತಿಕೋಟಾದ ಅಂಗಡಿ ನೋಡಿಕೊಳ್ಳುವ ಈರಪ್ಪನಿಗೆ ಮಾತ್ರ, ಅದೂ ಫೋನಿನಲ್ಲಿ ಮಾತ್ರ ಹೇಳಿದರು. ಆದರೆ ತಿಕೋಟಾ ದೂರ ಇದೆಯಲ್ಲ, ಹಾಗಾಗಿ ಅಷ್ಟು ದೂರ ಕೇಳುವಂತೆ ಹೇಳಿದರು! ಇಡೀ ಸಂದಿ ಸುಮ್ಮನಾಗಿ ಕೇಳಿಸಿಕೊಂಡಿತು. ಮಾಮಾ ಮುಗಿಸಿ ಫೋನ್ ಇಡುವಷ್ಟರಲ್ಲಿ ಎದುರಿನಿಂದ ಹೂವಿನವಳು ಕೂಗಿದಳು:

"ಸಾವಕಾರ್ರ, ಕಡೀಕ ಚುಕ್ಕಿ ಹೇಳೂದ ಬಿಟ್ರಲ್ರೀ!"

ರಿಪೇರಿಯವರನ್ನು ಮತ್ತೆ ಕರೆಸಿದೆವು. ಅವರು ಪಾಸ್‌ವರ್ಡ್ ಬದಲಿಸಿ, ಇನ್ನು ಮುಂದೆ ಅದೊಂದೇ ಸಾಲದು, ಯಾರಾದರೂ ಒಳಗೆ ಹೋಗಬೇಕೆಂದರೆ ಒಂದು ಫೋನಿಗೆ ಕೋಡ್ ನಂಬರು ಬರುವಂತೆ ಮಾಡೋಣ, ಆ ನಂಬರು ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ ಎಂದರು. ಯಾರ ಫೋನಿಗೆ? ನಾನು ನನ್ನ ನಂಬರು ಹೇಳಲು ಬಾಯಿ ತೆರೆದಿದ್ದೆ.

"ನಿಮ್ಮತ್ತಿ ಫೋನಿಗೆ," ಎಂದರು ಮಾಮಾ.

ಅತ್ತೆ ಎಂದರೆ ಮಾಮಾನ ಹೆಂಡತಿ. ಅಂಗಡಿಗೆ ದೀಪಾವಳಿ ಪೂಜೆಗೆ ಬಿಟ್ಟರೆ ಕಾಲಿಟ್ಟವರಲ್ಲ. ಅವರ ಫೋನು ಫ್ರಿಜ್ಜಿನ ಮೇಲೆ, ಕ್ರೋಶಾದ ಮುಸುಕು ಹಾಕಿಕೊಂಡು, ಮದುವಣಗಿತ್ತಿಯ ಹಾಗೆ ಕೂತಿರುತ್ತಿತ್ತು.

"ಅಂಗಡ್ಯಾಗ ಇರೋರ ಕೈಯಾಗ ಕೀಲಿ ಕೊಡಬಾರದವ್ವಾ," ಎಂದು ಮಾಮಾ ನನ್ನ ಬಾಯಿ ಮುಚ್ಚಿಸಿದರು. ರಿಪೇರಿಯವರು ತಲೆದೂಗಿಬಿಟ್ಟರು!

ಒಮ್ಮೆ ಕೋಡ್ ಹಾಕಿದ ಮೇಲೆ 'ಈ ಕಂಪ್ಯೂಟರನ್ನು ನೆನಪಿಟ್ಟುಕೊಳ್ಳಲೇ?' ಎಂದು ಪರದೆ ಕೇಳುತ್ತದೆ. ಹೂಂ ಎಂದರೆ ಮತ್ತೆ ಮತ್ತೆ ಕೋಡ್ ಬೇಕಿಲ್ಲ. ಮಾಮಾ ಅದಕ್ಕೂ ಅಡ್ಡ. ಬೆಳಿಗ್ಗೆ ಮೋಡದ ಬಾಗಿಲು ತೆಗೆಯಬೇಕು, ಮಧ್ಯಾಹ್ನ ಮುಚ್ಚಬೇಕು, ನಿದ್ದೆಯಾದ ಮೇಲೆ ಮತ್ತೆ ತೆಗೆಯಬೇಕು. ಮೂರು ಅಂಗಡಿಗೂ ಇದೇ ಕಾನೂನು. "ಮೋಡಕ್ಕೂ ಒಂದೀಟು ವಿಶ್ರಾಂತಿ ಬೇಕ."

ಹೀಗೆ ಅತ್ತೆಯ ಆಳ್ವಿಕೆ ಆರಂಭವಾಯಿತು. ಮೊದಮೊದಲು ಕೋಡ್ ಬಂದರೆ ಅವರು ಗಾಬರಿಯಾಗಿ ಪಕ್ಕದ ಮನೆಗೆ ಓಡುತ್ತಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ತಾವೇ ಓದತೊಡಗಿದರು. ಆದರೆ ಮನೆಗೆ ಬಂದವರನ್ನು ಕೂರಿಸದೆ ಕಳಿಸುವ ಸಂಪ್ರದಾಯ ಅವರಲ್ಲಿಲ್ಲ. ಫೋನಿಗೆ ಬಂದವರನ್ನು ಕಳಿಸುತ್ತಾರೆಯೇ?

"ಅಕ್ಕಾರ, ಕೋಡ್ ಹೇಳ್ರಿ," ಎನ್ನುವನು ಈರಪ್ಪ.

"ಹೇಳ್ತೀನಿ ತಡಿಯಪ್ಪಾ. ನಾಷ್ಟಾ ಆತೇನು? ಏನ್ ಮಾಡಿದ್ಲು ನಿನ್ನ ಹೇಣ್ತಿ?"

ಅವನು ಉಪ್ಪಿಟ್ಟು ಎನ್ನುವನು. ಬರೀ ಉಪ್ಪಿಟ್ಟೇ, ಜೊತೆಗೆ ಏನೂ ಇಲ್ಲವೇ, ಅವಳ ಸೊಂಟನೋವು ಹೇಗಿದೆ ಎನ್ನುವಷ್ಟರಲ್ಲಿ ಕೋಡಿನ ಅವಧಿ ಮುಗಿದಿರುತ್ತಿತ್ತು. ಮತ್ತೆ ಹೊಸ ಕೋಡ್, ಮತ್ತೆ ಹೊಸ ಪ್ರಶ್ನೆ. ಕೊನೆಗೆ ಈರಪ್ಪ ಜಾಣನಾದ. ಮೊದಲು ಫೋನ್ ಮಾಡಿ ಮನೆಯ ವರದಿಯನ್ನೆಲ್ಲ ಒಪ್ಪಿಸಿ, ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತತೊಡಗಿದ. ಬಬಲೇಶ್ವರದ ಅಂಗಡಿಯ ಕಸ್ತೂರಿಯದು ಇನ್ನೊಂದು ರೀತಿ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟುಬಿಡುತ್ತಿದ್ದಳು. ಅತ್ತೆ ಆ ಅಂಗಡಿಯ ರೇಡಿಯೋ ಆದರು.

ಒಮ್ಮೆ ನಾನು ತಿಕೋಟಾಕ್ಕೆ ಹೋದಾಗ ಘೋಣಸಗಿಯ ರೈತರೊಬ್ಬರು ಬಿಲ್ಲಿಗೆ ಕಾಯುತ್ತಾ ಕುಳಿತಿದ್ದರು. ಕೋಡ್ ಹೇಳುವ ಮುನ್ನ ಅತ್ತೆ ಫೋನಿನಲ್ಲೇ ಅವರನ್ನು ವಿಚಾರಣೆಗೆ ತೆಗೆದುಕೊಂಡರು.

"ಹ್ವಾದ ವರ್ಷಾನ ಪೈಪು ಒಯ್ದಿದ್ರಂತಲ್ಲಾ, ಈರಪ್ಪ ಅಂದ? ಮತ್ತ ಯಾಕ ಬೇಕಾದ್ವು?"

"ಇಲಿ ಕಡದು ಹಾಕ್ಯಾವ್ರಿ ಅಕ್ಕಾರ."

"ಅಂದ್ರ ಮೊದ್ಲ ಇಲಿ ಹಿಡೀರಿ! ಈಗೂ ಒಯ್ದು ಅವಕ್ಕ ಊಟಕ್ಕ ಹಾಕೋರೇನು?"

ರೈತರು ಎದ್ದು ನಿಂತು, ಫೋನಿಗೆ ನಮಸ್ಕಾರ ಮಾಡಿ, ಪೈಪು ತೆಗೆದುಕೊಳ್ಳದೆ ಹೊರಟುಹೋದರು! ಮಾಲಕಿಯೇ ಗಿರಾಕಿಯನ್ನು ಓಡಿಸಿದರೆ ಏನು ಮಾಡುವುದು? ನಾನು ಮಾಮಾಗೆ ದೂರು ಹೇಳಿದೆ. ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಮ್ಮೆ ಹೇಳು, ಆಕಿ ಏನಂದ್ಲು?" ಎಂದು ಕೇಳಿ, ಮತ್ತೆ ನಕ್ಕರು.

ಆದರೆ ನಗುವಂತಿಲ್ಲದ ದಿನವೂ ಬಂತು. ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಕಾಲ. ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ವರ್ಷದಲ್ಲೇ ಹೆಚ್ಚು ಗದ್ದಲ ಆಗ. ತಿಕೋಟಾದಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಕೋಡ್ ಇಲ್ಲದೆ ಬಿಲ್ ಇಲ್ಲ, ಬಿಲ್ ಇಲ್ಲದೆ ಮಾಲು ಇಲ್ಲ. ಅತ್ತೆಯ ಫೋನು ರಿಂಗಾಗುತ್ತದೆ, ಎತ್ತುವವರಿಲ್ಲ. ಈರಪ್ಪ ನನಗೆ ಫೋನ್ ಮಾಡಿದ, ಕಸ್ತೂರಿ ಮಾಡಿದಳು. ಅತ್ತೆಗೇನಾದರೂ ಆಗಿದ್ದರೆ? ಸ್ಕೂಟಿ ಹತ್ತಿ ಮನೆಗೆ ಓಡಿದೆ.

ಅತ್ತೆ ನಡುಮನೆಯಲ್ಲಿ ಕೂದಲು ಕೆದರಿಕೊಂಡು ನಿಂತಿದ್ದರು. ಹಾಸಿಗೆ, ದಿಂಬು, ಸೀರೆಗಳೆಲ್ಲ ನೆಲದ ಮೇಲಿದ್ದವು.

"ಕರ್ಯಾಕತ್ತಾರವ್ವಾ! ಎಲ್ಲಾರೂ ಕರ್ಯಾಕತ್ತಾರ! ಎಲ್ಲಿಂದ ಕರ್ಯಾಕತ್ತಾರ ಗೊತ್ತಾಗವಲ್ದು!"

ಕಣ್ಣಲ್ಲಿ ನೀರಿತ್ತು. ನಾನು ಕಿವಿಗೊಟ್ಟೆ. ಅಡುಗೆಮನೆಯ ಕಡೆಯಿಂದ ಸಣ್ಣಗೆ, ಬಾವಿಯೊಳಗಿನಿಂದ ಬಂದಂತೆ ರಿಂಗು. ರೊಟ್ಟಿ ಬಡಿಯುವಾಗ ಫೋನು ಜೋಳದ ಹಿಟ್ಟಿನ ಡಬ್ಬಿಗೆ ಜಾರಿತ್ತು, ಅತ್ತೆ ಮುಚ್ಚಳ ಹಾಕಿದ್ದರು! ಹೊರಗೆ ತೆಗೆದಾಗ ಅದು ವಿಭೂತಿ ಬಳಿದುಕೊಂಡ ಜಂಗಮನ ಹಾಗೆ ಬೆಳ್ಳಗಿತ್ತು. ಅತ್ತೆ ಸೆರಗಿನಿಂದ ಒರೆಸಿ, ಕಿವಿಗಿಟ್ಟುಕೊಂಡು, "ಈರಪ್ಪಾ, ಬಂದೆ ಬಂದೆ, ಇಲ್ಲೇ ಅದೇನಿ," ಎಂದರು.

ನಾನು ಅಲ್ಲಿಂದ ನೇರ ಅಂಗಡಿಗೆ ಹೋದೆ. ಮಾಮಾ ಕಂಪ್ಯೂಟರನ್ನು ಮಲಗಿಸುವ ತಯಾರಿಯಲ್ಲಿದ್ದರು.

"ಮಾಮಾ, ಇದಕ್ಕೊಂದು ಆ್ಯಪ್ ಬರತೈತ್ರಿ. ಈರಪ್ಪನ ಫೋನಿನ್ಯಾಗ, ಕಸ್ತೂರಿ ಫೋನಿನ್ಯಾಗ ಹಾಕಿಬಿಟ್ರ ಕೋಡ್ ಅವರಿಗೇ ಸಿಗತೈತಿ. ಅತ್ತಿನ್ನ ಕೇಳೂದ ಬ್ಯಾಡ."

"ಬ್ಯಾಡ."

"ಯಾಕ್ರಿ?"

ಏನಾದರೊಂದು ಚಟಾಕಿ ಬರುತ್ತದೆಂದು ಕಾದೆ. ಬರಲಿಲ್ಲ. ಮಾಮಾ ಟವೆಲ್ಲಿನಿಂದ ಮೇಜು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಿಮ್ಮ ಆಯಿ ಆಕಿನ್ನ ದಿನಕ್ಕ ಎಷ್ಟ್ ಸಲ ಕರೀತಿದ್ಲು, ನೆನಪೈತೇನು?"

ಆಯಿ ಎಂದರೆ ಮಾಮಾನ ತಾಯಿ, ನನ್ನ ಅಜ್ಜಿ. ಅಂಗಡಿ ಮೋಡಕ್ಕೇರುವ ಮುಂಚಿನ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ವರ್ಷಗಟ್ಟಲೆ ನಡುಮನೆಯ ಮಂಚ ಹಿಡಿದಿದ್ದರು. ಸಂಗವ್ವಾ, ನೀರು. ಸಂಗವ್ವಾ, ಕಿಟಕಿ ಹಾಕು. ಸಂಗವ್ವಾ, ಯಾರು ಬಂದಾರ ನೋಡು. ಬೆಳಗಿನಿಂದ ರಾತ್ರಿಯವರೆಗೆ ಅತ್ತೆಯದೊಂದೇ ಹೆಸರು. ಅತ್ತೆ ಗೊಣಗುತ್ತಲೇ ಬರುತ್ತಿದ್ದರು. ಆದರೆ ಬರದೇ ಇದ್ದದ್ದಿಲ್ಲ.

"ಅವ್ವ ಹ್ವಾದ ಮ್ಯಾಲ ಒಂದಿನ ಊಟಕ್ಕ ಮನಿಗೆ ಹೋದೆ," ಎಂದರು ಮಾಮಾ. "ಮನಿಯಾಗ ಸಪ್ಪಳಿಲ್ಲ. ಯಾರೂ ಕರದಿಲ್ಲ, ಏನಿಲ್ಲ. ಆಕಿ ಅಡಗಿಮನಿಯಿಂದ 'ಬಂದೆ ಬೇ ಯವ್ವಾ' ಅಂದ್ಲು. ಕೈ ಒರಸಿಕೋಂತ ನಡುಮನಿತನಕ ಬಂದ್ಲು. ಖಾಲಿ ಮಂಚ ನೋಡಿ ಒಂದೀಟು ನಿಂತು, ತಿರುಗಿ ಹ್ವಾದ್ಲು. ನಾ ನಿಂತಿದ್ದು ಆಕಿಗೆ ಕಾಣಲೇ ಇಲ್ಲ."

ಮಾಮಾ ಕಂಪ್ಯೂಟರ್ ಆರಿಸಿದರು.

"ಆಕಿನ್ನ ಯಾರರೆ ಕರೀಬೇಕವ್ವಾ."

ಆ್ಯಪಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಎತ್ತಿದವರು ಅತ್ತೆಯೇ. ಎರಡು ದಿನ ಬಿಟ್ಟು ಮನೆಗೆ ಹೋದಾಗ ಮೆಂತ್ಯೆ ಸೊಪ್ಪು ಸೋಸುತ್ತಾ ಕುಳಿತಿದ್ದರು. ಫೋನು ಪಕ್ಕದಲ್ಲೇ, ಒಂದು ತಟ್ಟೆಯಲ್ಲಿತ್ತು.

"ಅದೇನೋ ಆ್ಯಪ್ ಹಾಕಿದ್ರ ನನ್ನ ಕೇಳೂದ ಬ್ಯಾಡಂತ, ಹೌದೇನು? ಕಸ್ತೂರಿ ಹೇಳ್ಯಾಳ."

ನಾನೂ ಸೊಪ್ಪಿಗೆ ಕೈ ಹಾಕಿದೆ.

"ನಿಮ್ಮ ಮಾಮಾಗ ಹೇಳಿಗೀಳೀ ಮತ್ತ," ಎಂದು ಅತ್ತೆ ದನಿ ತಗ್ಗಿಸಿದರು. "ಮದಿವ್ಯಾದಾಗಿಂದ ಅಂಗಡಿಯಿಂದ ಒಂದಿನ ನನಗ ಫೋನ್ ಹಚ್ಚಿದ ಮನಷ್ಯಾ ಅಲ್ಲ. ಅವ್ವ ಹ್ವಾದ ಮ್ಯಾಲ ಅವರ ಮಾರಿ ನೋಡಾಕ ಆಗ್ತಿರಲಿಲ್ಲ. ಊಟಕ್ಕ ಕುಂತ್ರೂ ಮಾತಿಲ್ಲ. ಈ ಕೋಡ್ ಬಂದಾಗಿಂದ ದಿನಾ ಹಚ್ಚತಾರ. ಹಚ್ಚಲಿ ಬಿಡು. ಅವರಿಗೂ ಯಾರರೆ ಬೇಕಲ್ಲ."

ತಟ್ಟೆಯಲ್ಲಿ ಫೋನು ಗುಡುಗುಟ್ಟಿತು. ಅಂಗಡಿಯಿಂದ ಮಾಮಾ. ಅತ್ತೆ ಕೈ ಒರೆಸಿಕೊಂಡು ಎತ್ತಿದರು. ಕೋಡ್ ಬಂದ ಸಪ್ಪಳ ನನಗೂ ಕೇಳಿಸಿತು. ಅದನ್ನು ಅವರು ನೋಡಲೂ ಇಲ್ಲ. "ಹೂಂ, ಹೇಳ್ರಿ," ಎಂದರು. ಅತ್ತ ಕಡೆಯಿಂದ ಮಾಮಾ ಏನೆಂದರೋ ತಿಳಿಯಲಿಲ್ಲ. ಅತ್ತೆ ಸಣ್ಣಗೆ ನಕ್ಕು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ನನ್ನ ಕಡೆ ಬೆನ್ನು ತಿರುಗಿಸಿ ಕುಳಿತರು.